ಇರುವೆ ಪುಡಿ ಹಾಕುವ ಮುಂಚೆ

ಮಳೆಗಾಲ ಶುರುವಾಯಿತೆಂದರೆ ಅಡುಗೆಮನೆಗೆ ಇರುವೆ ಸಾಲು ಬಂತೆಂದೇ ಲೆಕ್ಕ. ಪುಡಿ ತಂದವರು ಮೊದಲು ಪೊಟ್ಟಣದ ಮೇಲಿನ ಓರೆ ಚೌಕದ ಕೆಳಭಾಗದ ಬಣ್ಣ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಲೇಬಲ್ ಇಲ್ಲದ ಬಿಡಿ ಪುಡಿ ಬೇಡವೇ ಬೇಡ. ಹಿಂದೆ ಬಳಸುತ್ತಿದ್ದ ಕೀಟನಾಶಕವಾದ ಬಿಎಚ್‌ಸಿ ಪುಡಿ 1997ರಲ್ಲೇ ನಿಷೇಧವಾಗಿದೆ.

ಪುಡಿ ಗುಡ್ಡೆ ಹಾಕಿದರೆ ಹುಳುಗಳು ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ. ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಂಡು, ಗೋಡೆ ಬಿರುಕಿಗೆ, ಹೊಸ್ತಿಲ ಸಂದಿಗೆ ಕಂಡೂ ಕಾಣದಷ್ಟು ತೆಳುವಾಗಿ ಉದುರಿಸಿ. ಚೆಲ್ಲಿದ್ದನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಉಳಿದದ್ದನ್ನು ಹಳೇ ಡಬ್ಬಿಗೆ ಸುರಿಯುವ ಅಭ್ಯಾಸ ಕಂಡರೆ ನನಗೆ ನಿಜಕ್ಕೂ ಭಯ. ಮೈದಾ, ರಂಗೋಲಿ ಪುಡಿ, ಇದು ಪಕ್ಕಪಕ್ಕ ಇದ್ದರೆ ಗುರುತೇ ಸಿಗದು. ಮೂಲ ಪೊಟ್ಟಣದಲ್ಲೇ, ಮಕ್ಕಳಿಗೆ ಎಟುಕದ ಕಡೆ ಇಡಿ. ಅಕಸ್ಮಾತ್ ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.