ಹಳೆಯ ಕಾರಿನ ಕೂಲಂಟ್ ಎಲ್ಲಿ ಸೋರುತ್ತಿದೆ? ಹುಡುಕುವ ಕ್ರಮ

ಆಗಾಗ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ತುಂಬಿಸಿಕೊಂಡೇ ಓಡುತ್ತಿರುವ ಹಳೆಯ ಕಾರುಗಳಲ್ಲಿ ಹೆಚ್ಚಿನವಕ್ಕೆ ಅಷ್ಟರಲ್ಲಿ ಒಂದೆರಡು ಭಾಗ ಬದಲಾಗಿರುತ್ತದೆ. ಒಮ್ಮೆ ಹೋಸ್, ಇನ್ನೊಮ್ಮೆ ರೇಡಿಯೇಟರ್. ಆದರೂ ಮಟ್ಟ ಇಳಿಯುವುದು ನಿಲ್ಲುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒದ್ದೆ ಕಂಡ ಜಾಗವನ್ನೇ ಸೋರುವ ಜಾಗ ಅಂದುಕೊಂಡಿರುತ್ತಾರೆ. ಇಲ್ಲವೇ ಸೋರಿಕೆ ಒಂದಲ್ಲ, ಎರಡಿರುತ್ತವೆ. ಹಳೆಯ ಗಾಡಿಯಲ್ಲಿ ಎರಡನೆಯದು ತೀರಾ ಮಾಮೂಲು. ಕ್ಯಾಪ್, ಅಂದರೆ ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳ, ಹಾಳಾಗಿ ಒಳಗೆ ಒತ್ತಡ ಏರದಿದ್ದಾಗ ಉಳಿದ ಜಾಯಿಂಟ್‌ಗಳು ಹೇಗೋ ತಡೆದುಕೊಂಡಿರುತ್ತವೆ. ಹೊಸ ಕ್ಯಾಪ್ ಹಾಕಿದ್ದೇ ತಡ, ರೇಡಿಯೇಟರಿನ ಅಂಚು ಜಿನುಗಲು ಶುರುವಾಗುತ್ತದೆ.

ಮೊದಲು ಎಚ್ಚರಿಕೆ. ಎಂಜಿನ್ ಬಿಸಿಯಿದ್ದಾಗ ಕ್ಯಾಪ್ ತೆಗೆಯಲೇಬೇಡಿ. ಸುಮಾರು 1 ಬಾರ್ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯದೆ ಇರುತ್ತದೆ; ಕ್ಯಾಪ್ ತಿರುಗಿಸಿದ ಕ್ಷಣ ಅದು ಆವಿಯಾಗಿ ಮುಖಕ್ಕೇ ಹಾರುತ್ತದೆ. ಮೇಲಿನ ಹೋಸ್ ಮುಟ್ಟಿದರೆ ತಣ್ಣಗಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಚೆಲ್ಲಿದ ಕೂಲಂಟನ್ನು ಆಗಲೇ ಒರೆಸಿ ತೆಗೆಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ. ಅದು ವಿಷ.

ಯಾವಾಗ ಸೋರುತ್ತದೆ ಎಂಬುದನ್ನು ಮೊದಲು ನೋಡಿ

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ, ಕೂಲಂಟ್ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಮಟ್ಟದ ಗೆರೆ ಎಳೆಯಿರಿ. ಬಿಸಿಯಲ್ಲಿ ಕೂಲಂಟ್ ಹಿಗ್ಗುವುದರಿಂದ ಬೇರೆ ಹೊತ್ತಿನಲ್ಲಿ ನೋಡಿದ ಮಟ್ಟ ಲೆಕ್ಕಕ್ಕಿಲ್ಲ. ರಾತ್ರಿ ಎಂಜಿನ್ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಎರಡು ಚಕ್ರಗಳ ಜಾಗವನ್ನು ಅದರ ಮೇಲೆ ಗುರುತು ಹಾಕಿ. ಹನಿ ಬಿದ್ದರೆ ಯಾವ ಬದಿ ಎಂಬುದು ಗೊತ್ತಾಗುತ್ತದೆ. ಬಿದ್ದದ್ದು ಕೂಲಂಟೋ ಏಸಿ ನೀರೋ ತಿಳಿಯಲು ಬೆರಳುಗಳ ನಡುವೆ ಉಜ್ಜಿ ನೋಡಿ: ಕೂಲಂಟ್ ಜಾರುತ್ತದೆ, ಬಣ್ಣ ಬಿಡುತ್ತದೆ, ಸಿಹಿ ವಾಸನೆ ಬರುತ್ತದೆ. ಏಸಿ ನೀರಿಗೆ ಇದ್ಯಾವುದೂ ಇಲ್ಲ.

ರಾತ್ರಿ ನಿಂತಾಗ ಮಾತ್ರ ಹನಿ ಬಿದ್ದರೆ ಹೋಸಿನ ತುದಿಗಳನ್ನು ಅನುಮಾನಿಸಿ. ತಣ್ಣಗಾದಾಗ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಕ್ಲಿಪ್ ಅಷ್ಟೇ ಕುಗ್ಗದೆ ಸಡಿಲವಾಗುತ್ತದೆ. ಎಂಜಿನ್ ಬಿಸಿಯಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಓಡಿಸಿದಾಗ ಮಾತ್ರ ಇಳಿದರೆ ಕ್ಯಾಪ್, ರೇಡಿಯೇಟರಿನ ಅಂಚು, ವಾಟರ್ ಪಂಪ್. ನೆಲಕ್ಕೆ ಒಂದು ಹನಿಯೂ ಬೀಳದೆ ಮಟ್ಟ ಇಳಿಯುತ್ತಿದ್ದರೆ ಮೂರು ಸಾಧ್ಯತೆ: ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆರುತ್ತಿದೆ, ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ನಿಂದ ಒಳಗಿನ ಕಾರ್ಪೆಟ್‌ಗೆ ಇಳಿಯುತ್ತಿದೆ, ಅಥವಾ ಎಂಜಿನ್ನೇ ಕುಡಿಯುತ್ತಿದೆ.

ಕಣ್ಣಿನಿಂದ ಹುಡುಕುವುದು

ಎಂಜಿನ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ. ಎಲ್ಲೋ ಸೋರಿದ್ದು ಅದರಲ್ಲಿ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಎಂಜಿನ್ ಕೊಳೆಯಾಗಿದ್ದರೆ ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಹುಡುಕಿ. ಸೋರಿದ್ದು ಕೆಳಕ್ಕೆ ಇಳಿಯುತ್ತದೆ, ಫ್ಯಾನ್ ಗಾಳಿಗೆ ಹಿಂದಕ್ಕೂ ಹಾರುತ್ತದೆ. ಹಾಗಾಗಿ ಒದ್ದೆಯ ಜಾಡಿನಲ್ಲಿ ಎಲ್ಲಕ್ಕಿಂತ ಮೇಲಿರುವ, ಮುಂದಿರುವ ಬಿಂದುವೇ ಮುಖ್ಯ. ನೀರು ಆರಿ ಹೋಗಿದ್ದರೂ ಬಿಳಿ, ಹಸಿರು ಅಥವಾ ಗುಲಾಬಿ ಪುಡಿಯ ಕಲೆ ಉಳಿದಿರುತ್ತದೆ. ಟಾರ್ಚ್ ಜೊತೆ ಒಂದು ಸಣ್ಣ ಕನ್ನಡಿ ಇದ್ದರೆ ಹಿಂಬದಿಯೂ ಕಾಣುತ್ತದೆ.

ರೇಡಿಯೇಟರಿನಲ್ಲಿ ನಡುವಿನ ಜಾಲರಿಗಿಂತ ಅಂಚು ಮೊದಲು ಹೋಗುತ್ತದೆ. ಪ್ಲಾಸ್ಟಿಕ್ ಟ್ಯಾಂಕನ್ನು ಅಲ್ಯೂಮಿನಿಯಂ ಭಾಗಕ್ಕೆ ಮಡಚಿ ಹಿಡಿದಿರುವ ಕಡೆ ರಬ್ಬರ್ ಸೀಲ್ ಇರುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಜಿನುಗಲು ಬಿಡುತ್ತದೆ. ಕೂಲಂಟ್ ಡಬ್ಬಿಯ ಜೋಡಣೆಯ ಗೆರೆಯನ್ನೂ ಅದರ ಪೈಪ್ ಮೂತಿಯ ಬುಡವನ್ನೂ ಉಗುರಿನಿಂದ ಸವರಿ ನೋಡಿ, ಕೂದಲೆಳೆಯಷ್ಟು ಸಣ್ಣ ಬಿರುಕು ಅಲ್ಲೇ ಬರುವುದು. ಥರ್ಮೋಸ್ಟಾಟ್ ಹೌಸಿಂಗ್, ಟೆಂಪರೇಚರ್ ಸೆನ್ಸರಿನ ಓ-ರಿಂಗ್, ಥ್ರಾಟಲ್ ಬಾಡಿಗೆ ಹೋಗುವ ಸಣ್ಣ ಹೋಸ್‌ಗಳು, ಹಿಂಬದಿಯ ಗೋಡೆಯ ಹತ್ತಿರವಿರುವ ಹೀಟರ್ ಹೋಸ್‌ಗಳು, ಇವನ್ನೂ ಬಿಡಬೇಡಿ. ಬ್ಲಾಕಿನ ಬದಿಗೆ ಬಡಿದು ಕೂರಿಸಿರುವ ಬಟ್ಟಲಿನಾಕಾರದ ತೆಳು ಉಕ್ಕಿನ ಕೋರ್ ಪ್ಲಗ್‌ಗಳು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ, ಮ್ಯಾನಿಫೋಲ್ಡ್ ಹಿಂದೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ನೀರು ಬೇರಿಂಗ್‌ಗೆ ನುಗ್ಗದೆ ಹೊರಗೆ ಬರಲೆಂದೇ ಅದನ್ನು ಬಿಟ್ಟಿರುತ್ತಾರೆ. ಹಳೆಯ ಒಣ ಕಲೆ ಇದ್ದರೆ ಚಿಂತೆಯಿಲ್ಲ, ಹನಿ ಬಂದರೆ ಪಂಪಿನ ಆಯಸ್ಸು ಮುಗಿಯಿತು. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚುವವರೂ ಇದ್ದಾರೆ. ಬೇರಿಂಗ್ ಹಾಳು ಮಾಡಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಟೈಮಿಂಗ್ ಬೆಲ್ಟ್‌ನಿಂದ ತಿರುಗುವ ಪಂಪ್ ಆದರೆ ಸೋರಿಕೆ ಕವರಿನೊಳಗೇ ಇಳಿದು ಕ್ರ್ಯಾಂಕ್ ಪುಲ್ಲಿಯ ಹತ್ತಿರ ಕಾಣಿಸಿಕೊಳ್ಳುತ್ತದೆ. ಆಗ ಪಂಪಿನ ಜೊತೆಗೆ ಬೆಲ್ಟ್, ಟೆನ್ಷನರ್ ಎರಡನ್ನೂ ಬದಲಿಸಿ.

ಪ್ರೆಷರ್ ಟೆಸ್ಟ್

ಕಣ್ಣಿಗೆ ಸಿಗದ ಸೋರಿಕೆಗೆ ಇದೇ ನೆಚ್ಚಿನ ದಾರಿ. ಬೇಕಾಗುವುದು ಮೀಟರ್ ಇರುವ ಕೈಪಂಪು ಮತ್ತು ನಿಮ್ಮ ಕ್ಯಾಪಿನ ಅಳತೆಯ ಅಡಾಪ್ಟರ್. ಕ್ಯಾಪ್ ಮೇಲೆ 0.9, 1.1 ಅಥವಾ 1.4 ಬಾರ್ ಎಂಬಂತೆ ಒತ್ತಡ ಅಚ್ಚಾಗಿರುತ್ತದೆ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಭರ್ತಿ ಮಾಡಿ ಅಷ್ಟೇ ಒತ್ತಡಕ್ಕೆ ಪಂಪ್ ಮಾಡಿ. ಅದನ್ನು ಮೀರಿದರೆ ಹಳೆಯ ಪ್ಲಾಸ್ಟಿಕ್ ಬಿರಿದು ಇಲ್ಲದ ಸೋರಿಕೆ ಹುಟ್ಟಿಕೊಳ್ಳುತ್ತದೆ. 15 ನಿಮಿಷ ಬಿಡಿ. ಮುಳ್ಳು ಕದಲದಿದ್ದರೆ, ಎಂಜಿನ್ ಉಗುರು ಬೆಚ್ಚಗಾಗುವಷ್ಟು ಓಡಿಸಿ ಆಫ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ. ಮುಳ್ಳು ಇಳಿಯುತ್ತಿದ್ದು ಹೊರಗೆಲ್ಲೂ ಹನಿ ಕಾಣದಿದ್ದರೆ ಸೋರಿಕೆ ಹೀಟರ್ ಕೋರ್‌ನಲ್ಲಿದೆ ಅಥವಾ ಎಂಜಿನ್ ಒಳಗಿದೆ. ಪರೀಕ್ಷೆ ಮುಗಿದ ಮೇಲೆ ಟೆಸ್ಟರಿನ ಗಾಳಿ ಬಿಟ್ಟೇ ಅಡಾಪ್ಟರ್ ತೆಗೆಯಿರಿ.

ಕ್ಯಾಪನ್ನು ಬೇರೆಯಾಗಿ ಅದೇ ಪಂಪಿಗೆ ಹಾಕಿ ನೋಡಿ. ಅಚ್ಚಾದ ಒತ್ತಡಕ್ಕೆ ಮುಂಚೆಯೇ ಬಿಟ್ಟುಕೊಟ್ಟರೆ ಬದಲಿಸಿ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಅಂಟಿಕೊಂಡಿದ್ದರೂ ಅದೇ ಕ್ಯಾಪಿನ ತಪ್ಪು: ಗಾಳಿಯನ್ನೋ ನೀರನ್ನೋ ವಾಪಸ್ ಎಳೆದುಕೊಳ್ಳುವ ವಾಲ್ವ್ ಕಚ್ಚಿಕೊಂಡಿದೆ.

ಇಷ್ಟಕ್ಕೂ ಸಿಗದ ಸಣ್ಣ ಜಿನುಗಿಗೆ ಯುವಿ ಡೈ ಇದೆ. ಡೈ ಬಾಟಲಿ ಮೇಲೆ ಬರೆದಷ್ಟೇ ಹಾಕಿ, ಒಂದೆರಡು ದಿನ ಎಂದಿನಂತೆ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಜಾಡು ಹಸಿರು ಹಳದಿಯಾಗಿ ಹೊಳೆಯುತ್ತದೆ. ಹಾಕುವಾಗ ಚೆಲ್ಲಿದರೆ ಮಾತ್ರ ಎಂಜಿನ್ ತುಂಬಾ ಸುಳ್ಳು ಜಾಡು.

ಒಳಗಿನ ಸೋರಿಕೆ

ಹೀಟರ್ ಕೋರ್ ಆದರೆ ಕಾರ್ಪೆಟ್ ಅಂಟಂಟಾಗಿ ಒದ್ದೆಯಾಗುತ್ತದೆ, ಬಿಸಿಗಾಳಿ ಹಾಕಿದಾಗ ಸಿಹಿ ವಾಸನೆ ಬರುತ್ತದೆ, ಮುಂಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು ಕೂರುತ್ತದೆ. ಖಚಿತ ಮಾಡಿಕೊಳ್ಳಲು ಹೀಟರಿನ ಎರಡು ಹೋಸ್‌ಗಳನ್ನು ಒಂದು ನೇರ ಕನೆಕ್ಟರ್‌ನಿಂದ ಜೋಡಿಸಿ ಕೋರನ್ನು ತಾತ್ಕಾಲಿಕವಾಗಿ ಪಕ್ಕಕ್ಕಿಡಿ. ಮಟ್ಟ ನಿಂತರೆ ಕಳ್ಳ ಸಿಕ್ಕ. ಅಷ್ಟು ದಿನ ಗಾಜಿನ ಮಂಜು ತೆಗೆಯಲು ಬಿಸಿಗಾಳಿ ಇರುವುದಿಲ್ಲ ಎಂಬುದು ನೆನಪಿರಲಿ.

ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲ್) ಹೋಗಿದೆ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ. ಆಯಿಲ್ ಕ್ಯಾಪ್ ಕೆಳಗಿನ ಹಾಲುಬಣ್ಣದ ನೊರೆ, ಸಣ್ಣ ಸಣ್ಣ ದೂರ ಓಡಿಸುವ ಗಾಡಿಯಲ್ಲಿ ಬರೀ ತೇವದಿಂದಲೂ ಬರುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಬೆಳ್ಳಗಿದ್ದರೆ ಮಾತು ಬೇರೆ. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಾಗುವುದು, ಬೆಚ್ಚಗಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು ಬಲವಾದ ಸುಳಿವುಗಳು. ಬ್ಲಾಕ್ ಟೆಸ್ಟರಿನ ನೀಲಿ ದ್ರವ ಡಬ್ಬಿಯ ಗಾಳಿ ಎಳೆದುಕೊಂಡು ಹಳದಿಗೆ ತಿರುಗಿದರೆ ಹೊಗೆ ಕೂಲಂಟಿಗೆ ಸೇರುತ್ತಿದೆ. ಟೆಸ್ಟರಿನೊಳಗೆ ಕೂಲಂಟ್ ಹೋದರೆ ಫಲಿತಾಂಶ ಕೆಡುತ್ತದೆ, ಮೊದಲೇ ಮಟ್ಟ ಸ್ವಲ್ಪ ಇಳಿಸಿಕೊಳ್ಳಿ. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ ನೋಡಿ: ಒಂದು ಮಾತ್ರ ತೊಳೆದಿಟ್ಟಂತೆ ಸ್ವಚ್ಛವಾಗಿದ್ದರೆ ನೀರು ಹೋಗುತ್ತಿರುವುದು ಆ ಸಿಲಿಂಡರಿಗೆ.

ಜೋಡಿಸುವಾಗ ಕೆಡುವುದು

ಹೊಸ ಹೋಸ್ ಹಾಕಿದ ಮೇಲೂ ಸೋರಿದರೆ ಲೋಹದ ಮೂತಿ ನೋಡಿ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿ ಗುಳಿ ಬಿದ್ದಿರುತ್ತದೆ. 400 ನಂಬರಿನ ಎಮರಿ ಪೇಪರ್‌ನಿಂದ ನಯವಾಗಿ ಉಜ್ಜಿ. ಗುಳಿ ಆಳವಾಗಿದ್ದರೆ ಆ ಭಾಗವನ್ನೇ ಬದಲಿಸಿ. ಕಂಪನಿಯ ಸ್ಪ್ರಿಂಗ್ ಕ್ಲಿಪ್ ಇದ್ದ ಕಡೆ ಸ್ಪ್ರಿಂಗ್ ಕ್ಲಿಪ್ಪನ್ನೇ ಹಾಕಿ. ಬಿಸಿಗೂ ತಂಪಿಗೂ ಅದು ತಾನೇ ಹಿಡಿತ ಸರಿಪಡಿಸಿಕೊಳ್ಳುತ್ತದೆ. ಸ್ಕ್ರೂ ಕ್ಲಿಪ್ಪನ್ನು ಬಲವಾಗಿ ಬಿಗಿದರೆ ರಬ್ಬರ್ ಕತ್ತರಿಸುತ್ತದೆ, ಪ್ಲಾಸ್ಟಿಕ್ ಮೂತಿ ಬಿರಿಯುತ್ತದೆ. ಲೀಕ್ ಸ್ಟಾಪ್ ಪುಡಿ, ದ್ರವಗಳು ಮೊದಲು ಮುಚ್ಚಿಹಾಕುವುದು ಹೀಟರ್ ಕೋರಿನ ಸಣ್ಣ ನಳಿಗೆಗಳನ್ನು. ದಾರಿ ಮಧ್ಯೆ ಸಿಕ್ಕಿಬಿದ್ದರೆ ಸರಿ, ರಿಪೇರಿಗೆ ಬದಲಿಯಾಗಿ ಬೇಡ.

ತುಂಬಿಸುವಾಗ ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯ ಕೂಲಂಟನ್ನೇ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ರೆಡಿಮಿಕ್ಸ್ ಆದರೆ ನೀರು ಸೇರಿಸಬೇಡಿ. ಬೇರೆ ಬೇರೆ ಬಗೆಯವು ಬೆರೆತರೆ ಗಸಿ ಕಟ್ಟಬಹುದು, ಬಣ್ಣ ಒಂದೇ ಇದ್ದ ಮಾತ್ರಕ್ಕೆ ಬಗೆ ಒಂದೇ ಎಂದಲ್ಲ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೀಡ್ ಸ್ಕ್ರೂ ಇದ್ದರೆ ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ ತೆರೆದಿಟ್ಟು, ಕ್ಯಾಪ್ ಹಾಕಿ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿಟ್ಟಿರಿ. ಮರುದಿನ ಮಟ್ಟ ಒಂದಿಷ್ಟು ಇಳಿದಿದ್ದರೆ ಅದು ಒಳಗಿದ್ದ ಗಾಳಿ ಹೊರಬಿದ್ದದ್ದು, ಗೆರೆಯವರೆಗೆ ತುಂಬಿಸಿ. ಆಮೇಲೂ ದಿನದಿನಕ್ಕೆ ಇಳಿಯುತ್ತಾ ಹೋದರೆ ಮತ್ತೆ ಕೈಪಂಪು ಹಾಕಿ: ಮೊದಲ ಸೋರಿಕೆ ಮುಚ್ಚಿ ಈಗ ಒತ್ತಡ ಪೂರ್ತಿ ಏರುತ್ತಿರುವುದರಿಂದ ಎರಡನೆಯ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ.