ಹಿತ್ತಲ ಮನೆಗೆ ದೀಪ ಹಾಕಿಸುವ ಮುಂಚೆ ನೆರಳು ನೋಡಿ

ಹಿತ್ತಲಲ್ಲಿ ಒಂದು ರೂಮು, ಸಣ್ಣ ಅಡಿಗೆಮನೆ, ಒಂದು ಬಚ್ಚಲು ಕಟ್ಟಿಸುವವರು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಈಗ ಬಹಳ. ಕೆಲವರು ವಯಸ್ಸಾದ ಅಪ್ಪ-ಅವ್ವನಿಗೆ ಮೆಟ್ಟಿಲು ಹತ್ತುವ ಕಷ್ಟ ಬೇಡ ಅಂತ ಕಟ್ಟಿಸುತ್ತಾರೆ. ಕೆಲವರು ಬಾಡಿಗೆಗೆ. ಧಾರವಾಡದ ಸಪ್ತಾಪುರದ ಸುತ್ತ ಪರೀಕ್ಷೆಗೆ ಓದಲು ಬಂದು ನಿಲ್ಲುವ ಹುಡುಗ-ಹುಡುಗಿಯರಿಗಂತೂ ಇಂಥ ರೂಮು ಬೇಕೇ ಬೇಕು. ಟೈಲ್ಸ್ ಯಾವುದು, ಬಾಗಿಲಿಗೆ ಬಣ್ಣ ಯಾವುದು ಅಂತ ಮನೆಮಂದಿಯೆಲ್ಲ ವಾರಗಟ್ಟಲೆ ಮಾತಾಡುತ್ತಾರೆ, ದೀಪದ ವಿಷಯ ಬಂದಾಗ ಮಾತ್ರ 'ಗೋಡೆಗೊಂದು ಟ್ಯೂಬ್‌ಲೈಟ್ ಹಾಕಿಬಿಡಪ್ಪಾ' ಅಂತ ಒಂದೇ ಮಾತಿಗೆ ಮುಗಿಸುತ್ತಾರೆ. ಆ ಮನೆಯಲ್ಲಿ ಮುಂದೆ ಇಪ್ಪತ್ತು ಮೂವತ್ತು ವರ್ಷ ಯಾರೋ ಕಣ್ಣು ಕಿರಿದು ಮಾಡಿಕೊಂಡೇ ಕೆಲಸ ಮಾಡಬೇಕಾಗುತ್ತದೆ.

ಸಣ್ಣ ಮನೆಯಲ್ಲಿ ಬೆಳಕು ಸಾಲದೇ ಹೋಗುವುದು ಬಲ್ಬ್ ಸಣ್ಣದು ಅಂತಲ್ಲ. ನಮ್ಮ ನೆರಳು ನಮ್ಮ ಕೈಮೇಲೇ ಬೀಳುತ್ತದಲ್ಲ, ಅದಕ್ಕೆ. ಅಡಿಗೆಮನೆಯನ್ನೇ ನೋಡಿ. ಟ್ಯೂಬು ಬೆನ್ನ ಹಿಂದಿನ ಗೋಡೆಗಿರುತ್ತದೆ, ನಾವು ಕಟ್ಟೆಯ ಕಡೆ ಮುಖ ಮಾಡಿ ನಿಂತಿರುತ್ತೇವೆ. ಹೆಚ್ಚುವ ಕಾಯಿಪಲ್ಲೆ, ಒಲೆಯ ಮೇಲಿನ ಹಂಚು ಎಲ್ಲ ನಮ್ಮ ನೆರಳಿನೊಳಗೇ. ಜೋಳದ ರೊಟ್ಟಿ ಹಂಚಿಗೆ ಹಾಕಿ ಮೇಲೆ ನೀರು ಸವರುತ್ತೀರಿ, ಆ ನೀರಿನ ಹೊಳಪು ಹೋಗುತ್ತಾ ಬಂದಾಗ ಸರಿಯಾಗಿ ತಿರುವಿ ಹಾಕಬೇಕು. ತಡವಾದರೆ ಮೇಲೆ ಬಿರಿಯುತ್ತದೆ, ಆಮೇಲೆ ಉಬ್ಬುವುದಿಲ್ಲ. ಆ ಹೊಳಪು ಹೋಗುವುದು ಕಣ್ಣಿಗೆ ಕಾಣಬೇಕಲ್ವಾ? ಅದಕ್ಕೇ ಅಡಿಗೆಮನೆಯ ದೀಪ ನಮ್ಮ ಮುಂದೆ ಇರಬೇಕು, ಹಿಂದೆ ಅಲ್ಲ. ಕಟ್ಟೆಯ ಮೇಲೆ ಕಪಾಟು ಇದ್ದರೆ ಅದರ ತಳಕ್ಕೆ, ಮುಂದಿನ ಅಂಚಿನ ಹತ್ತಿರ, ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಟ್ಯೂಬ್ ಹಾಕಿಸಿ. ಕಪಾಟು ಇಲ್ಲದಿದ್ದರೆ ಎದುರಿನ ಗೋಡೆಗೇ, ತಲೆಗಿಂತ ತುಸು ಮೇಲೆ. ಒಲೆಯ ನೆತ್ತಿಯ ಮೇಲೆ ಮಾತ್ರ ಬೇಡ, ಒಂದು ಪಕ್ಕಕ್ಕೆ ಸರಿಸಿ. ಒಗ್ಗರಣೆಯ ಜಿಡ್ಡಿಗೆ ಹಿಟ್ಟಿನ ಧೂಳು ಕೂತು ಟ್ಯೂಬಿನ ಮೇಲೆ ಹಳದಿ ಪದರ ಕಟ್ಟುತ್ತದೆ. ತಿಂಗಳಿಗೊಮ್ಮೆ ಸ್ವಿಚ್ ಆರಿಸಿ ಒಣ ಬಟ್ಟೆಯಿಂದ ಒರೆಸಿ, ಹೊಸ ಟ್ಯೂಬ್ ಹಾಕಿದಷ್ಟು ಬೆಳಕು ಬರುತ್ತದೆ.

ಯಾವ ದೀಪ ಎಲ್ಲಿ ಅನ್ನುವುದನ್ನು ಅಂಗಡಿಯಲ್ಲಿ ನಿಂತು ಯೋಚಿಸಬೇಡಿ. ಗೋಡೆ ಎದ್ದು ಗಿಲಾವ್ (ಪ್ಲಾಸ್ಟರ್) ಆಗುವ ಮುಂಚೆ, ಕತ್ತಲಾದ ಮೇಲೆ ಇಬ್ಬರು ಆ ರೂಮಿಗೆ ಹೋಗಿ. ಕೈಯಲ್ಲಿ ಒಂದು ಸೀಮೆಸುಣ್ಣ ಇರಲಿ. ಮಂಚ ಎಲ್ಲಿ, ಓದುವ ಟೇಬಲ್ ಎಲ್ಲಿ, ಕನ್ನಡಿ ಎಲ್ಲಿ, ಕೂತು ಕಾಳು ಹಸನು ಮಾಡುವುದು ಎಲ್ಲಿ ಅಂತ ನೆಲದ ಮೇಲೆ ಗೆರೆ ಎಳೆಯಿರಿ. ಒಬ್ಬರು ಮೊಬೈಲ್ ಟಾರ್ಚ್ ಹಚ್ಚಿ ದೀಪ ಬರುವ ಜಾಗದಲ್ಲಿ ಹಿಡಿಯಲಿ, ಇನ್ನೊಬ್ಬರು ಕೆಲಸ ಮಾಡುವ ಹಾಗೆ ನಿಲ್ಲಲಿ, ಕೂರಲಿ. ನೆರಳು ಕೈ ಮುಂದೆ ಬಂತಾ? ಟಾರ್ಚ್ ಸರಿಸಿ. ಹೋಯಿತಾ? ಗೋಡೆಗೆ ಅಲ್ಲೇ ಗುರುತು ಹಾಕಿ. ಅರ್ಧ ತಾಸಿನ ಕೆಲಸ, ಖರ್ಚು ಏನೂ ಇಲ್ಲ. ಆರ್‌ಸಿಸಿ ಮನೆಯಾದರೆ ಚಾವಣಿಯ ದೀಪ, ಫ್ಯಾನ್ ಎಲ್ಲಿ ಅನ್ನುವುದು ಸ್ಲ್ಯಾಬ್ ಹಾಕುವ ಮೊದಲೇ ತೀರ್ಮಾನ ಆಗಬೇಕು, ಯಾಕೆಂದರೆ ಪೈಪು ಮತ್ತು ಫ್ಯಾನ್ ಬಾಕ್ಸ್ ಕಾಂಕ್ರೀಟಿನೊಳಗೇ ಹೋಗುತ್ತವೆ. ಗೌಂಡಿಗೂ ವೈರಿಂಗ್ ಮಾಡುವವರಿಗೂ ಒಂದೇ ದಿನ ಎದುರು-ಬದುರು ನಿಲ್ಲಿಸಿ ತೋರಿಸಿ.

ಫ್ಯಾನ್ ಇರುವ ರೂಮಿನಲ್ಲಿ ದೀಪ ಫ್ಯಾನಿನ ರೆಕ್ಕೆಗಿಂತ ಮೇಲೆ ಇದ್ದರೆ ನೆರಳು ಇಡೀ ರೂಮಿನಲ್ಲಿ ಪಟಪಟ ಓಡಾಡುತ್ತದೆ, ಓದುವವರಿಗೆ ತಲೆನೋವು. ದೀಪವನ್ನು ಗೋಡೆಗೆ, ರೆಕ್ಕೆಗಿಂತ ಕೆಳಗೆ ಹಾಕಿಸಿ.

ಎಷ್ಟು ಬೆಳಕು ಬೇಕು ಅನ್ನುವುದಕ್ಕೆ ವ್ಯಾಟ್ ನೋಡುವುದಕ್ಕಿಂತ ಪ್ಯಾಕೆಟ್ ಮೇಲೆ ಬರೆದ ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ನೋಡಿ. ಹತ್ತಕ್ಕೆ ಹನ್ನೆರಡು ಅಡಿಯ ರೂಮಿಗೆ ಸುಮಾರು 2000 ಲ್ಯೂಮೆನ್ ಕೊಡುವ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಒಂದು ಸಾಕು, ಅದು ಓಡಾಡುವ ಬೆಳಕು. ಕೆಲಸದ ಬೆಳಕು ಬೇರೆ, ಅದು ಕೆಲಸದ ಹತ್ತಿರ ಇರಬೇಕು. ದೀಪ ಅರ್ಧ ದೂರಕ್ಕೆ ಬಂದರೆ ಬೆಳಕು ಸುಮಾರು ನಾಲ್ಕು ಪಟ್ಟು ಆಗುತ್ತದೆ, ಹೀಗಾಗಿ ಟೇಬಲ್ ಹತ್ತಿರದ 7 ವ್ಯಾಟ್ ದೀಪ ಮಾಡುವ ಕೆಲಸ ಚಾವಣಿಯ ದೊಡ್ಡ ದೀಪಕ್ಕೂ ಆಗುವುದಿಲ್ಲ. ನಮ್ಮ ಕಡೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಕೆಲಸ ಅದು, ಗಂಟು ಹಾಕುವ ಹಾಗಿಲ್ಲ, ಗವಂತಿ ಹೊಲಿಗೆಯಾದರೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸಲು ಕೂತವರಿಗೆ ಮೇಲಿನ ಟ್ಯೂಬು ಏನೇನೂ ಸಾಲದು. ಎಡ ಹೆಗಲಿನ ಕಡೆಯಿಂದ, ಸ್ವಲ್ಪ ಮೇಲಿನಿಂದ ಬೀಳುವ ಬಾಗುವ ದೀಪ ಬೇಕು. ಬಲಗೈಯಲ್ಲಿ ಬರೆಯುವ ಮಕ್ಕಳಿಗೂ ಹಾಗೇ, ಎಡಗಡೆಯಿಂದ. ಎಡಚರಿಗೆ ಬಲಗಡೆಯಿಂದ. ಆದ್ದರಿಂದ ಓದುವ ಟೇಬಲ್ ಹತ್ತಿರ ಎರಡೂ ಬದಿಗೆ ಪ್ಲಗ್ ಪಾಯಿಂಟ್ ಕೊಡಿ, ಬಾಡಿಗೆಗೆ ಯಾರು ಬರುತ್ತಾರೋ ಏನೋ.

ಇಷ್ಟೊಂದು ದೀಪ ಹಾಕಿದರೆ ಬಿಲ್ ಏರುತ್ತದೆ ಅಂತ ಹೆದರುವವರಿಗೆ ಒಂದು ಲೆಕ್ಕ. ಹಳೆಯ 60 ವ್ಯಾಟ್ ಬಲ್ಬಿನಷ್ಟು ಬೆಳಕನ್ನು ಈಗ 9 ವ್ಯಾಟ್ ಎಲ್‌ಇಡಿ ಕೊಡುತ್ತದೆ. ಐದು ಕಡೆ ಐದು ಬಲ್ಬ್ ಹಚ್ಚಿಟ್ಟರೂ 45 ವ್ಯಾಟ್, ಆ ಒಂದು ಹಳೆಯ ಬಲ್ಬಿಗಿಂತ ಕಡಿಮೆ. ಒಂದು 9 ವ್ಯಾಟ್ ಬಲ್ಬ್ ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. ಕರೆಂಟ್ ತಿನ್ನುವುದು ಬೇರೆ ಕಡೆ. ದೇವರ ಮುಂದೆ ರಾತ್ರಿಯಿಡೀ ಉರಿಯುವ ಹಳೇ ಝೀರೋ ಬಲ್ಬ್ ಇದೆಯಲ್ಲ, ಹೆಸರು ಝೀರೋ, ಆದರೆ ಸುಮಾರು 15 ವ್ಯಾಟ್ ಎಳೆಯುತ್ತದೆ. ರಾತ್ರಿ ಹತ್ತು ತಾಸಿನ ಲೆಕ್ಕ ಹಿಡಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಅರ್ಧ ವ್ಯಾಟಿನ ಎಲ್‌ಇಡಿ ಹಾಕಿ. ಇನ್ನೊಂದು ಮಾತು, ಮುಂದಿನ ಮನೆಯ ಮೀಟರಿನಿಂದಲೇ ಹಿತ್ತಲ ಮನೆಗೂ ಕೊಡುವುದಾದರೆ ಗೀಸರ್, ಫ್ರಿಜ್ ಎಲ್ಲ ಸೇರಿ ತಿಂಗಳಿಗೆ 200 ಯೂನಿಟ್ ದಾಟೀತು, ದಾಟಿದರೆ ಗೃಹಜ್ಯೋತಿಯಲ್ಲಿ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇರೆ ಮೀಟರ್ ಬೇಕಾ ಅನ್ನುವುದನ್ನು ಹೆಸ್ಕಾಂ ಕಚೇರಿಗೆ ಹೋಗಿ ಮೊದಲೇ ಕೇಳಿಕೊಳ್ಳಿ.

ಬೆಳಕಿನ ಬಣ್ಣದ ಬಗ್ಗೆ ಜನ ಅಷ್ಟಾಗಿ ಗಮನ ಕೊಡುವುದಿಲ್ಲ. ಅಂಗಡಿಯಲ್ಲಿ ಸುಮ್ನೆ 'ಎಲ್‌ಇಡಿ ಕೊಡಿ' ಅಂದರೆ ಸಾಮಾನ್ಯವಾಗಿ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ), ಅಂದರೆ ನೀಲಿ ಛಾಯೆಯ ಬಿಳಿ ಕೊಡುತ್ತಾರೆ. ತೊಗರಿಬೇಳೆ, ಜೋಳ ಮೊರಕ್ಕೆ ಹಾಕಿ ಹರಳು ಆರಿಸಲು ಅದು ಒಳ್ಳೆಯದು. ಮಲಗುವ ರೂಮಿಗೆ, ಪಡಸಾಲೆಗೆ 3000 ಕೆ ಬರೆದಿರುವ ಹಳದಿ ಬೆಳಕು ಕೇಳಿ ತಗೊಳ್ಳಿ, ಸಂಜೆ ಕಣ್ಣಿಗೆ ತಂಪು. ಅಡಿಗೆಮನೆಗೆ ಎರಡರ ನಡುವಿನ 4000 ಕೆ ನನಗೆ ಇಷ್ಟ, ಪಲ್ಯದ ಬಣ್ಣ ಪಲ್ಯದ ಹಾಗೇ ಕಾಣುತ್ತದೆ. ಪ್ಯಾಕೆಟ್ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 80ಕ್ಕಿಂತ ಕಡಿಮೆ ಇದ್ದರೆ ಬೇಡ.

ಹಗಲು ದೀಪ ಹಚ್ಚುವ ಮನೆ ಮಾತ್ರ ಕಟ್ಟಿಸಬೇಡಿ ಮಾರಾಯರೇ. ಹಿತ್ತಲ ಮನೆಯ ಕಿಟಕಿ ಎರಡು ಮೂರು ಅಡಿ ದೂರದ ಕಂಪೌಂಡ್ ಗೋಡೆಗೆ ಮುಖ ಮಾಡಿರುವುದೇ ಜಾಸ್ತಿ. ಆ ಗೋಡೆಯ ಒಳಮೈಗೆ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಹೊಡೆಯಿರಿ. ಬಿಸಿಲು ಅದಕ್ಕೆ ಬಡಿದು ಕಿಟಕಿಯೊಳಗೆ ಬರುತ್ತದೆ, ಪಾಚಿಗಟ್ಟಿದ ಕಪ್ಪು ಗೋಡೆಯಾದರೆ ಎಲ್ಲ ನುಂಗಿಬಿಡುತ್ತದೆ. ಒಳಗಿನ ಚಾವಣಿಗೂ ಬಿಳಿಯೇ ಇರಲಿ. ಗೋಡೆಗೆ ಕಡುನೀಲಿ, ಕಡುಹಸಿರು ಬಳಿದರೆ ಅದೇ ಟ್ಯೂಬು ಮಂಕಾಗಿ ಕಾಣುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಅಡಿಗೆಮನೆಯ ನೆತ್ತಿಗೆ ಬೆಳಕಿಂಡಿ ಬಿಡುತ್ತಿದ್ದರು, ಹೊಗೆಯೂ ಹೋಗುತ್ತಿತ್ತು, ಬೆಳಕೂ ಬರುತ್ತಿತ್ತು. ಹಂಚಿನ ಮನೆಯಾದರೆ ಈಗಲೂ ಒಂದೆರಡು ಗಾಜಿನ ಹಂಚು ಕೂಡಿಸಬಹುದು. ಮಂಚದ ಮೇಲೆ ಬೇಡ, ಬೇಸಿಗೆ ಮಧ್ಯಾಹ್ನ ಬಿಸಿಲು ನೇರ ಇಳಿಯುತ್ತದೆ. ಮಳೆಗಾಲದ ಮುಂಚೆ ಒಮ್ಮೆ ತೊಳೆಸಿ.

ಈಗ ಬಹಳ ಮುಖ್ಯವಾದ ಜಾಗ, ಮುಂದಿನ ಮನೆಯ ಹಿಂಬಾಗಿಲಿನಿಂದ ಹಿತ್ತಲ ಮನೆಯವರೆಗಿನ ದಾರಿ. ರಾತ್ರಿ ಬಚ್ಚಲಿಗೆ ಹೋಗುವವರು, ನೀರು ಬಂದಾಗ ಅಪರಾತ್ರಿಯಲ್ಲಿ ಎದ್ದು ನಳ ತಿರುವುವವರು ಎಲ್ಲ ಓಡಾಡುವುದು ಇಲ್ಲೇ. ಕಟ್ಟಿಗೆ, ಹಳೆ ಇಟ್ಟಂಗಿ ಒಟ್ಟಿದ ಹಿತ್ತಲಲ್ಲಿ ಹುಳ-ಹುಪ್ಪಟೆ ಇರುವುದೇ. ಜನ ಏನು ಮಾಡುತ್ತಾರೆ ಅಂದರೆ ಎತ್ತರದಲ್ಲಿ ಒಂದು ದೊಡ್ಡ ಫ್ಲಡ್ ಲೈಟ್ ಹಾಕಿಸುತ್ತಾರೆ, ಅದು ಕಣ್ಣಿಗೆ ಹೊಡೆಯುತ್ತದೆ, ಕಾಲಬುಡ ಕತ್ತಲಾಗಿಯೇ ಉಳಿಯುತ್ತದೆ. ಮೊಣಕಾಲು ಎತ್ತರಕ್ಕೆ, ಕೆಳಮುಖವಾಗಿ, ಎರಡು ಮೂರು ಸಣ್ಣ ದೀಪ ಹಾಕಿಸಿ. ನೆಲ ಕಾಣಬೇಕು, ದೀಪ ಕಾಣುವುದು ಮುಖ್ಯ ಅಲ್ಲ. ಹೊರಗಿನದಕ್ಕೆ ಐಪಿ65 (ಧೂಳು, ನೀರು ಒಳಗೆ ಹೋಗದ್ದು ಅಂತ ಅರ್ಥ) ಬರೆದಿರುವ ದೀಪವೇ ಬೇಕು, ಧಾರವಾಡದ ಮಳೆ ಗಾಳಿಯ ಜೊತೆ ಓರೆಯಾಗಿ ಬಂದು ಸೂರಿನ ಒಳಗೂ ಹೊಡೆಯುತ್ತದೆ. ಇಲ್ಲಿ ಹಳದಿ ಬೆಳಕೇ ಇರಲಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳ ಬಿಳಿ ದೀಪಕ್ಕೆ ಮುತ್ತಿಕೊಳ್ಳುವಷ್ಟು ಹಳದಿಗೆ ಮುತ್ತುವುದಿಲ್ಲ. ಈ ದೀಪಕ್ಕೆ ಟೂ-ವೇ ಸ್ವಿಚ್ ಬೇಕೇ ಬೇಕು, ಒಂದು ಹಿಂಬಾಗಿಲಲ್ಲಿ, ಇನ್ನೊಂದು ಹಿತ್ತಲ ಮನೆಯ ಬಾಗಿಲಲ್ಲಿ. ಹಚ್ಚಿದವರು ಆರಿಸಲು ತಿರುಗಿ ಬರಬೇಕಾಗಬಾರದು.

ಹಿರಿಯರಿಗಾಗಿ ಕಟ್ಟಿಸುತ್ತಿದ್ದರೆ ಇನ್ನಷ್ಟು ಕಾಳಜಿ ಮಾಡಿ. ಅರವತ್ತು ದಾಟಿದವರ ಕಣ್ಣಿನೊಳಗೆ ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಮುಟ್ಟುತ್ತದೆ. ಮಗನಿಗೆ ಬೆಳ್ಳಗೆ ಕಾಣುವ ರೂಮು ಅವ್ವನಿಗೆ ಮಬ್ಬು. ಹಾಗಂತ ಕಣ್ಣಿಗೆ ಕುಕ್ಕುವ ಬರಿ ಬಲ್ಬ್ ತೂಗುಹಾಕಬೇಡಿ, ಅದು ಅವರಿಗೆ ಇನ್ನೂ ಕಷ್ಟ. ಹಾಲುಬಿಳಿ ಮುಚ್ಚಳದ ದೀಪ ಹಾಕಿ, ಒಂದರ ಬದಲು ಎರಡು ಹಾಕಿ. ಮಂಚದಲ್ಲಿ ಮಲಗಿದಲ್ಲೇ ಕೈಗೆ ಸಿಗುವ ಸ್ವಿಚ್ ಇರಲಿ, ಬಚ್ಚಲ ಹೊಸ್ತಿಲಿಗೆ ಒಂದು ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಮೆಟ್ಟಿಲಿನ ಅಂಚಿಗೆ ಒಂದು ಬಿಳಿ ಪಟ್ಟಿ ಬಳಿಯಿರಿ. ಕರೆಂಟ್ ಹೋದಾಗ ತಾನೇ ಹತ್ತಿಕೊಳ್ಳುವ ಚಾರ್ಜಿಂಗ್ ಬಲ್ಬ್ ಬಚ್ಚಲ ದಾರಿಗೊಂದು, ಅಡಿಗೆಮನೆಗೊಂದು ಸಾಕು, ಇನ್ವರ್ಟರ್ ಇಲ್ಲದಿದ್ದರೂ ನಡೆಯುತ್ತದೆ.

ವೈರಿಂಗ್ ಮಾತ್ರ ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ. ಹಿತ್ತಲ ಮನೆಗೆ ಬಟ್ಟೆ ಒಣಹಾಕುವ ತಂತಿಯ ಜೊತೆ ವೈರ್ ಎಳೆದಿರುವುದನ್ನು ಎಷ್ಟೋ ಮನೆಯಲ್ಲಿ ನೋಡುತ್ತೇನೆ, ನನಗೆ ಎದೆ ಝಲ್ ಅನ್ನುತ್ತದೆ. ಒದ್ದೆ ಬಟ್ಟೆ, ಕಬ್ಬಿಣದ ತಂತಿ, ಸವೆದ ವೈರ್, ಇನ್ನೇನು ಬೇಕು ಜೀವ ಹೋಗಲು? ಎರಡು ಎರಡೂವರೆ ಅಡಿ ಆಳದಲ್ಲಿ ಆರ್ಮರ್ಡ್ ಕೇಬಲ್ (ಉಕ್ಕಿನ ಕವಚದ ಕೇಬಲ್) ಹೂಳಿಸಿ, ಹಿತ್ತಲ ಮನೆಗೆ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿತ ಮಾಡುವ ಸ್ವಿಚ್) ಹಾಕಿಸಿ. ದೀಪಕ್ಕೆ ಒಂದೂವರೆ ಚದರ ಎಂಎಂ, ದೊಡ್ಡ ಪ್ಲಗ್‌ಗೆ ಎರಡೂವರೆ, ಗೀಸರ್‌ಗೆ ನಾಲ್ಕು ಚದರ ಎಂಎಂ ವೈರ್, ಎಲ್ಲದಕ್ಕೂ ಐಎಸ್‌ಐ ಗುರುತು, ಎಲ್ಲ ಪ್ಲಗ್‌ಗೂ ಅರ್ಥಿಂಗ್. ಬಚ್ಚಲ ಮತ್ತು ಪಾಯಖಾನೆಯ ಸ್ವಿಚ್ ಹೊರಗಿನ ಗೋಡೆಗೆ ಇರಲಿ. ಇನ್ನು ಬಾಗಿಲು ತೆರೆದಾಗ ಅದರ ಹಿಂದೆ ಅಡಗುವ ಕಡೆ ಸ್ವಿಚ್ ಬೋರ್ಡ್ ಕೂಡಿಸುವವರಿದ್ದಾರೆ, ಮೊದಲೇ ಹೇಳಿಬಿಡಿ, ಚಿಲಕದ ಕಡೆ ಬೇಕು ಅಂತ.

ಪೈಪು ಕೂಡಿಸಿ ಆದ ಮೇಲೆ, ಗಿಲಾವ್ ಮುಚ್ಚುವ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಪಕ್ಕದಲ್ಲಿ ಟೇಪ್ ಹಿಡಿದು ತೆಗೆದರೆ ಮೂಲೆಯಿಂದ ಎಷ್ಟು ಅಡಿಗೆ ಪೈಪ್ ಇದೆ ಅಂತ ತಿಳಿಯುತ್ತದೆ. ಮುಂದೆ ಕ್ಯಾಲೆಂಡರ್‌ಗೋ ತೊಟ್ಟಿಲಿಗೋ ಮೊಳೆ, ಕೊಕ್ಕೆ ಹೊಡೆಯುವಾಗ ಆ ಫೋಟೋ ನೋಡಿಕೊಂಡೇ ಸುತ್ತಿಗೆ ಹಿಡಿಯಿರಿ.