ತೊಂಬತ್ತರ ಆಯಿಲ್ ಕೈಬಿಟ್ಟ ಮೇಲೆ ಲಿಫ್ಟ್ ಎದ್ದಿತು

ಜಪಾನಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬರುವ ಹದಿನೈದು–ಇಪ್ಪತ್ತು ಎಚ್‌ಪಿಯ ಹಳೆಯ ಯನ್ಮಾರ್ ಟ್ರ್ಯಾಕ್ಟರಿನ ಗೇರ್‌ಬಾಕ್ಸಿಗೆ ಯಾವ ಆಯಿಲ್ ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ ಒಂದೇ: ‘ತೊಂಬತ್ತು ಹಾಕಿ’, ಅಂದರೆ 90ರ ದರ್ಜೆಯ ದಪ್ಪ ಗೇರ್ ಆಯಿಲ್. ಗೇರಿಗೂ ಹೈಡ್ರಾಲಿಕ್ಸಿಗೂ ಒಂದೇ ಆಗುವ ತೆಳ್ಳಗಿನ ಟ್ರ್ಯಾಕ್ಟರ್ ಆಯಿಲ್ ಯುಟಿಟಿಒ ಹಾಕುತ್ತೇನೆಂದಾಗ, ಗೇರಿನ ಹಲ್ಲು ವರ್ಷ ತಡೆಯುವುದಿಲ್ಲ ಎಂದು ಹೆದರಿಸಿದರು. ಈಗ ಮೂರನೆಯ ಹಂಗಾಮು ನಡೆಯುತ್ತಿದೆ. ಹಲ್ಲುಗಳೂ ಗಟ್ಟಿಯಾಗಿವೆ, ಹಿಂದೆ ಕಟ್ಟಿದ ಉಪಕರಣವನ್ನು ಎತ್ತುವ ಹೈಡ್ರಾಲಿಕ್ ಲಿಫ್ಟೂ ಏಳುತ್ತಿದೆ.

ಗಾಡಿ ಬಂದಾಗ ಅದರಲ್ಲಿ ಇದ್ದದ್ದು ತೊಂಬತ್ತೇ. ಬೆಳಗಿನ ಹೊತ್ತು ರೋಟವೇಟರ್ ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ. ಅರ್ಧ ಗಂಟೆ ಓಡಿದ ಮೇಲೆ ಪಂಪ್ ಕೀರಲು ದನಿ ತೆಗೆದು ನಿಧಾನವಾಗಿ ಎತ್ತುತ್ತಿತ್ತು. ಪಂಪ್ ಹೋಗಿದೆ ಎಂದರು. ಸೀಲ್ ಹಾಕಿಸಿ ಕೂಲಿ ಕೊಟ್ಟದ್ದಷ್ಟೇ ಬಂತು, ಫಲ ಸೊನ್ನೆ. ಹೊಸ ಪಂಪಿಗೆ ಹೇಳಿದ ದುಡ್ಡಿನಲ್ಲಿ ನಾಲ್ಕೈದು ಸಲ ಆಯಿಲ್ ಬದಲಿಸಬಹುದಿತ್ತು. ಈ ಗಾಡಿಯಲ್ಲಿ ಗೇರಿಗೂ ಹೈಡ್ರಾಲಿಕ್ಸಿಗೂ ಒಂದೇ ಆಯಿಲ್. ಪಂಪ್ ಅದನ್ನು ಜಾಲರಿಯ ಸ್ಟ್ರೈನರ್ ಮೂಲಕ ಹೀರಬೇಕು. ತಣ್ಣಗಿದ್ದಾಗ ತೊಂಬತ್ತು ಆ ಜಾಲರಿಯಲ್ಲಿ ಸರಾಗವಾಗಿ ಇಳಿಯುವುದಿಲ್ಲ, ಪಂಪ್ ಒಣಗುತ್ತದೆ, ಅದೇ ಆ ಕೀರಲು.

ಡ್ರೈನ್ ಬೋಲ್ಟ್ ಬಿಚ್ಚಿದರೆ ಇಳಿದದ್ದು ಹಾಲು ಜಾಸ್ತಿಯಾದ ಕಾಫಿಯಂಥ ಆಯಿಲ್. ಬಿಸಿ ಕಾವಲಿಯ ಮೇಲೆ ಒಂದು ಹನಿ ಬಿಟ್ಟೆ, ಚಟಚಟ ಸಿಡಿಯಿತು: ನೀರು. ಸ್ಟ್ರೈನರಿನ ಮೇಲೆ ಬೆರಳಿನ ಉಗುರಿನಷ್ಟು ದಪ್ಪಕ್ಕೆ ಬೂದು ಮಡ್ಡಿ ಕೂತಿತ್ತು, ನಡುನಡುವೆ ಹೊಳೆಯುವ ಹಳದಿ ಪುಡಿ. ನೀರು ಒಳಹೋದ ದಾರಿ ಗೇರ್ ಲಿವರಿನ ಬುಡದ ಬಿರುಕುಬಿಟ್ಟ ರಬ್ಬರು. ಅದನ್ನು ಬದಲಿಸದೆ ಹೊಸ ಆಯಿಲ್ ತುಂಬುವುದು ದುಡ್ಡನ್ನು ಹೊಳೆಗೆ ಸುರಿದಂತೆ.

ಸೀಮೆಎಣ್ಣೆ ಹಾಕಿ ತೊಳೆಯಿರಿ ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಮೂಲೆಯಲ್ಲಿ ಉಳಿದದ್ದು ಹೊಸ ಆಯಿಲನ್ನು ಕೆಡಿಸುತ್ತದೆ. ಅಗ್ಗದ ಹೈಡ್ರಾಲಿಕ್ ಆಯಿಲ್ ತುಂಬಿ, ಭಾರ ಹಾಕದೆ ಬಿಸಿಯಾಗುವವರೆಗೆ ಓಡಿಸಿ, ಬಿಸಿಯಲ್ಲೇ ಇಳಿಸಿದೆ. ಆಕ್ಸಲ್ ಕೊಳವೆಗಳಲ್ಲಿ ನಿಲ್ಲುವ ಒಂದೆರಡು ಲೀಟರನ್ನು ಹೊರತರಲು ನನ್ನದೇ ಒಂದು ಉಪಾಯವಿದೆ, ಅದು ನನ್ನ ಬಳಿಯೇ ಇರಲಿ. ಯುಟಿಟಿಒ ಬೆಲೆ ತೊಂಬತ್ತರ ಸುಮಾರು ಒಂದೂವರೆ ಪಟ್ಟು ಬಿತ್ತು. ಮೊದಲ ಬೆಳಗ್ಗೆಯೇ ಲಿಫ್ಟ್ ಮೂರ್ನಾಲ್ಕು ಸೆಕೆಂಡಿನಲ್ಲಿ ಮೇಲೆ ಬಂತು, ಕೀರಲು ನಿಂತಿತು.

ಆ ಹಳದಿ ಪುಡಿ ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು: ಒಳಗಿನ ಕಂಚಿನ ಬುಷ್ ಬರೇ ಸವೆದದ್ದೋ, ಆಯಿಲೇ ಅದನ್ನು ತಿಂದದ್ದೋ? ಎರಡು ತಾಮ್ರದ ಪಟ್ಟಿಗಳನ್ನು ಉಜ್ಜಿ, ಒಂದನ್ನು ಜಿಎಲ್-5ರಲ್ಲಿ (ಭಾರೀ ಒತ್ತಡ ತಡೆಯುವ ರಾಸಾಯನಿಕ ಬೆರೆಸಿದ ಗೇರ್ ಆಯಿಲ್ ದರ್ಜೆ), ಇನ್ನೊಂದನ್ನು ಯುಟಿಟಿಒದಲ್ಲಿ ಮುಳುಗಿಸಿ, 100 ಡಿಗ್ರಿಯ ಆಸುಪಾಸಿನಲ್ಲಿ ಮೂರು ಗಂಟೆ ಇಟ್ಟೆ. ಜಿಎಲ್-5ರದ್ದು ಕಂದಿತು, ಇನ್ನೊಂದು ಹೆಚ್ಚು ಕಡಿಮೆ ಹಾಗೆಯೇ ಇತ್ತು. ಎಲ್ಲ ಜಿಎಲ್-5ಗಳೂ ಹೀಗೆಯೇ ಎನ್ನಲಾರೆ. ಆದರೂ ಕಂಚಿನ ಬುಷ್ ಇರುವ ಹಳೆಯ ಗೇರ್ ಪೆಟ್ಟಿಗೆಗೆ ನಾನಂತೂ ಅದನ್ನು ಸುರಿಯುವುದಿಲ್ಲ.

ತೊಂಬತ್ತು ಎಂಬ ಅಂಕಿ ನೋಡಿ ಅದು ಎಂಜಿನ್ ಆಯಿಲಿನ ನಲವತ್ತಕ್ಕಿಂತ ಎರಡರಷ್ಟು ಮಂದ ಎಂದು ತಿಳಿಯುವವರಿದ್ದಾರೆ. ಅಳತೆಗೋಲೇ ಬೇರೆ. ಕಾದ ಮೇಲೆ ಎರಡರ ದಪ್ಪವೂ ಹತ್ತಿರ ಹತ್ತಿರ. ಎಂಜಿನ್ನಿಗೆ ನಾನು ಹಾಕುವುದು ಡೀಸೆಲ್ ದರ್ಜೆಯ 15ಡಬ್ಲ್ಯು-40, ಸುಮಾರು ನೂರು ಗಂಟೆಗೊಮ್ಮೆ, ಫಿಲ್ಟರ್ ಸಮೇತ.

ಮುಂದಿನ ಆಕ್ಸಲಿಗೆ ಮಾತ್ರ ಇಂದಿಗೂ 80ಡಬ್ಲ್ಯು-90. ಅಲ್ಲಿ ಪಂಪಿಲ್ಲ, ಹೀರಬೇಕಾದ್ದೂ ಇಲ್ಲ. ಮಳೆಗಾಲ ಮುಗಿದೊಡನೆ ಎರಡೂ ಬದಿಯ ಡ್ರೈನ್ ಬೋಲ್ಟುಗಳನ್ನು ತುಸು ಸಡಿಲಿಸಿ, ಮೊದಲು ಒಸರುವುದು ನೀರೋ ಆಯಿಲೋ ಎಂದು ನೋಡಿಕೊಳ್ಳುತ್ತೇನೆ.